ಮೀಸೆಗೆ ಜಡೆ ಹಾಕಿದವನ ಚಿತ್ರ

ಚಟ್ನಿಪುಡಿಗೆ ಶೇಂಗಾ ಹುರಿಯುತ್ತಿದ್ದೆ. ಶೇಂಗಾ ಹುರಿಯುವಾಗ ಕೈ ಬಿಡುವಂತಿಲ್ಲ. ಬಿಟ್ಟರೆ ಒಂದು ಮಗ್ಗುಲು ಕರಿ, ಇನ್ನೊಂದು ಮಗ್ಗುಲು ಹಸಿ. ಅದಕ್ಕೇ ಫೋನು ಬಂದಾಗ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಸೌಟು ಆಡಿಸುತ್ತಲೇ ಮಾತಾಡಿದೆ. ನ್ಯಾಮತಿಯಿಂದ ನನ್ನ ನಾದಿನಿ. ಯಜಮಾನರಿಗೆ ಒಬ್ಬಳೇ ತಂಗಿ, ಅಲ್ಲಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು.

"ಅತ್ತಿಗೆ, ನಾ ಕೊಟ್ಟ ಚಿತ್ರ ಗೋಡೆ ಮ್ಯಾಲೆ ಐತಾ?"

ತಿರುಗಿ ನೋಡಿದೆ. "ಐತಲ್ಲೇ. ಎಲ್ಲಿಗೆ ಹೋಗ್ತೈತೆ, ಅದಕ್ಕೇನು ಕಾಲೈತಾ?"

"ನಡುವೆ ಎಲ್ಲಾದ್ರೂ ಹೋಗಿ ಬಂದಿತ್ತಾ?"

"ಗಾಜು ಸೀಳಿತ್ತು. ದೀಪಾವಳಿ ಮುಂದೆ ನಿಮ್ಮಣ್ಣನೇ ಹೊನ್ನಾಳಿಗೆ ಒಯ್ದು ಹೊಸ ಕಟ್ಟು ಹಾಕಿಸ್ಕಂಡು ಬಂದ್ರು. ಯಾಕೆ?"

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು. ಅವಳು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು.

"ಅಣ್ಣನ ಅಂಗಡಿ ಕ್ಯಾಲೆಂಡರ್ ನೋಡಿದ್ರಾ ಈ ಸಲದ್ದು?"

"ಮನೆಗೆ ಇನ್ನೂ ತಂದಿಲ್ಲ. ಶಿವನದ್ದೇ ಇರ್ತೈತೆ, ವರ್ಷಾ ಇದ್ದಂಗೆ."

"ಶಿವನದ್ದಲ್ಲ ಅತ್ತಿಗೆ. ಇಲ್ಲಿ ಚಾ ಅಂಗಡ್ಯಾಗೆ ನೇತಾಡ್ತೈತೆ. ನನ್ನ ಚಿತ್ರ. ನನ್ನ ಚಿತ್ರಾನೂ ಅಲ್ಲ. ಕೆಳಗೆ ಮಾತ್ರ ನನ್ನ ಸಹಿ."

ಸೌಟು ನಿಂತಿತು. ಶೇಂಗಾ ಸೀದ ವಾಸನೆ ಬಂದ ಮೇಲೆ ಒಲೆ ಆರಿಸಿದೆ. ಕೆಟ್ಟದ್ದು ಒಂದು ಬಾಣಲೆಯಷ್ಟೇ, ಡಬ್ಬಿಯಲ್ಲಿ ಇನ್ನೂ ಇತ್ತು. ಅಷ್ಟರಮಟ್ಟಿಗೆ ದೇವರು ದೊಡ್ಡವನು ಎಂದುಕೊಂಡೆ. ಆ ದಿನ ನಾನು ಹಾಗೆ ಅಂದುಕೊಳ್ಳುವುದಕ್ಕೆ ಸಿಕ್ಕಿದ್ದು ಅದೊಂದೇ.

ಆ ಚಿತ್ರ ಏನೆಂದು ಹೇಳಬೇಕು. ಅಡುಗೆಮನೆಯ ನೆಲದ ಮೇಲೆ ಒಬ್ಬ ಗಂಡಸು ಕೂತು ರೊಟ್ಟಿ ಬಡಿಯುತ್ತಿದ್ದಾನೆ. ಪಂಚೆ, ಅಂಗಿ, ಎಲ್ಲ ನಮ್ಮ ಊರಿನ ಗಂಡಸಿನ ಹಾಗೆಯೇ. ಅವನ ಮೀಸೆ ಮಾತ್ರ ಎರಡು ಕಡೆಯಿಂದ ಇಳಿದು, ಒಂದೇ ಜಡೆಯಾಗಿ ಹೆಣೆದುಕೊಂಡು, ನೆಲದ ಮೇಲೆ ಉದ್ದಕ್ಕೆ ಹರಿದುಹೋಗಿದೆ. ಜಡೆಯ ನಡುನಡುವೆ ಮಲ್ಲಿಗೆ, ತುದಿಯಲ್ಲಿ ಕುಚ್ಚು. ಒಲೆಯ ಮೇಲೆ ಹಂಚಿಲ್ಲ, ಹುಣ್ಣಿಮೆ ಚಂದ್ರನಿದ್ದಾನೆ. ಚಂದ್ರನ ಮೇಲೆ ರೊಟ್ಟಿ ಉಬ್ಬುತ್ತಿದೆ. ಹಿಂದೆ ಎತ್ತರದ ಕುರ್ಚಿಯಲ್ಲಿ ಒಬ್ಬ ಹೆಂಗಸು, ಕಾಲ ಮೇಲೆ ಕಾಲು ಹಾಕಿ, ತಲೆಗೆ ರುಮಾಲು ಸುತ್ತಿ ಕೂತಿದ್ದಾಳೆ. ರುಮಾಲಿನ ಕೆಳಗೆ ಮುಖವಿಲ್ಲ, ಮುಚ್ಚಿದ ಬಾಗಿಲಿದೆ. ಬಾಗಿಲಿಗೆ ಹೊರಗೆ ಚಿಲಕವಿಲ್ಲ. ಹಾಗಾದರೆ ಒಳಗಿನಿಂದಲೇ ಹಾಕಿಕೊಂಡಿರಬೇಕು.

ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ. ನಾದಿನಿ ನಗಲಿಲ್ಲ.

"ಶಿವ ಅರ್ಧ ಹೆಣ್ಣಾದ್ರೆ ಕೈ ಮುಗಿತೀರಿ. ಊರಾನ ಗಂಡ್ಸು ಜಡೆ ಹಾಕ್ಕಂಡ್ರೆ ನಗ್ತೀರಿ. ಹೌದಾ ಅತ್ತಿಗೆ?"

ನಾನು ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವಳು. ಅರ್ಧನಾರೀಶ್ವರನ ಮುಂದೆ ಎಷ್ಟು ಸಲ ನಿಂತಿದ್ದೇನೋ. ಆದರೂ ಅಡುಗೆಮನೆಯಲ್ಲಿ ಆ ಮಾತು ಹೊಳೆದಿರಲಿಲ್ಲ. ಆಮೇಲೆ ದಿನಾ ಅದರ ಮುಂದೆಯೇ ಓಡಾಡುತ್ತ ನನಗೆ ಆ ಗಂಡಸಿನ ಮೇಲೆ ಒಂದು ಥರ ಅಕ್ಕರೆ ಬೆಳೆಯಿತು. ಅವನ ಬೆನ್ನೂ ನೋಯುತ್ತಿರಬೇಕು ಅನ್ನಿಸುತ್ತಿತ್ತು. ರೊಟ್ಟಿ ಬಡಿಯುತ್ತಿದ್ದ ಕೈಗಳಂತೂ ನನ್ನವೇ. ಒಂದು ರಜೆಯಲ್ಲಿ ಅವಳು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದರೆ ಎದುರಿಗೆ ಕೂತು ಬರೆದುಕೊಂಡಿದ್ದಳು. ಎಡಗೈ ಹೆಬ್ಬೆರಳ ಬುಡದ ಸುಟ್ಟ ಕಲೆಯನ್ನೂ ಬಿಟ್ಟಿರಲಿಲ್ಲ. "ಅದನ್ಯಾಕೆ ಹಾಕ್ತೀಯೇ, ಅಸಹ್ಯ," ಎಂದಿದ್ದಕ್ಕೆ, "ಅದಿಲ್ದಿದ್ರೆ ಯಾರ ಕೈ ಅಂತ ಹೆಂಗೆ ಗೊತ್ತಾಗ್ಬೇಕು?" ಎಂದಿದ್ದಳು.

ಇಂಥದ್ದಕ್ಕೆ ಸರ್ರಿಯಲಿಸಂ ಅನ್ನುತ್ತಾರಂತೆ. "ಕನಸಿದ್ದಂಗೆ ಅತ್ತಿಗೆ, ಕನಸ್ನಾಗೆ ಯಾರೂ ಯಾಕೆ ಅಂತ ಕೇಳಲ್ಲ," ಎಂದು ಅವಳು ಹೇಳಿದ್ದು ನನಗೆ ಹೆಚ್ಚು ಅರ್ಥವಾಯಿತು.

ಅದು ಬಣ್ಣ ಬಳಿದ ಚಿತ್ರವಲ್ಲ. ತಾಮ್ರದ ತಗಡಿಗೆ ಮೇಣದಂಥದ್ದನ್ನು ಸವರಿ, ಸೂಜಿಯಿಂದ ಗೀಚಿ, ಆಸಿಡ್ಡಿನಲ್ಲಿ ಅದ್ದುತ್ತಾಳೆ. ಗೀಚಿದಲ್ಲೆಲ್ಲ ಆಸಿಡ್ಡು ತಾಮ್ರವನ್ನು ತಿನ್ನುತ್ತದೆ. ಆ ಗೀರುಗಳಲ್ಲಿ ಮಸಿ ತುಂಬಿ, ಒದ್ದೆ ಕಾಗದ ಹಾಸಿ, ಕಬ್ಬಿನ ಗಾಣದಂಥ ರೋಲರಿನಲ್ಲಿ ಒತ್ತಿ ತೆಗೆಯಬೇಕು. ದಾವಣಗೆರೆಯಲ್ಲಿ ಅವಳು ಓದಿದ ಕಡೆ ಅಂಥ ಯಂತ್ರವಿತ್ತು. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ ಒತ್ತುತ್ತಿದ್ದಳು. ಹನ್ನೆರಡು ಪ್ರತಿ ತೆಗೆದಳು. ಹನ್ನೆರಡಾದ ಮೇಲೆ ಆ ತಗಡಿನ ಮೇಲೆ ಮೂಲೆಯಿಂದ ಮೂಲೆಗೆ ತಾನೇ ಗೀರು ಎಳೆದುಬಿಟ್ಟಳು.

"ಅಯ್ಯೋ, ಇನ್ನೂ ನೂರು ಬರ್ತಿತ್ತಲ್ಲೇ!"

"ಅದಕ್ಕೇ ಎಳೆದಿದ್ದು. ಹನ್ನೆರಡು ಅಂತ ಮಾತು ಕೊಟ್ಟ ಮ್ಯಾಲೆ ಹನ್ನೆರಡೇ. ತಗಂಡೋರಿಗೆ ನನ್ನ ಮಾತಲ್ದೆ ಇನ್ನೇನೈತೆ?"

ಪ್ರತಿಯೊಂದರ ಕೆಳಗೂ ಪೆನ್ಸಿಲಿನಲ್ಲಿ ಹನ್ನೆರಡರಲ್ಲಿ ಎಷ್ಟನೆಯದು ಎಂಬ ನಂಬರು, ಪಕ್ಕದಲ್ಲಿ ಸಹಿ. ಮೊದಲನೆಯದನ್ನು ನನಗೆ ಕೊಟ್ಟಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನನ್ನದು ಅಂತ ಹೇಳಿ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಸೀರೆ ಕೊಟ್ಟಿದ್ದಾರೆ, ಬಂಗಾರ ಕೊಟ್ಟಿದ್ದಾರೆ, ಅದು ಮನೆಯ ಮರ್ಯಾದೆಗೆ. ಇದು ಹಾಗಲ್ಲ.

ಅತ್ತೆ ಅದನ್ನು ಪಡಸಾಲೆಯಲ್ಲಿ ಹಾಕಗೊಡಲಿಲ್ಲ. "ಗಂಡಸರ ಮಾನ ತೆಗೆಯಾಕೆ ಬರೆದಾಳೆ," ಎಂದರು. ಅಡುಗೆಮನೆಗೆ ಹೊರಗಿನವರು ಬರುವುದಿಲ್ಲವಾದ್ದರಿಂದ ಮಿಕ್ಸಿಯ ಮೇಲೆ ಮೊಳೆ ಹೊಡೆದುಕೊಳ್ಳಲು ಬಿಟ್ಟರು. ಅಷ್ಟಾದರೂ ಬಿಟ್ಟರಲ್ಲ ಎಂದು ನಾನು ಸಂತೋಷಪಟ್ಟೆ. ನನಗೆ ಅಂಥ ಸಂತೋಷಗಳ ಅಭ್ಯಾಸವಿದೆ.

ನಾದಿನಿಯನ್ನು ಜಗಳೂರಿಗೆ ಕೊಟ್ಟಿತ್ತು. ಕುರಿ ವ್ಯಾಪಾರದ ದೊಡ್ಡ ಮನೆ. ಅವಳ ಚಿತ್ರದ ಹಾಳೆಗಳನ್ನು ಅಲ್ಲಿ ಅವಳ ಅತ್ತೆ ನೀರೊಲೆಗೆ ಹಾಕಿ ಬಚ್ಚಲಿಗೆ ನೀರು ಕಾಸಿದರು. ಒಂದು ದಿನವಲ್ಲ, ಅವು ಮುಗಿಯುವವರೆಗೆ. ಮುಗಿದ ದಿನ ಅವಳು ಒಂದು ಟ್ರಂಕು ಹಿಡಿದು ಚನ್ನಗಿರಿಗೆ, ನಮ್ಮ ಮನೆಗೆ ಬಂದಳು. ನಮ್ಮವರು ಬಾಗಿಲಲ್ಲೇ ನಿಂತು, "ತಿರುಗಿ ಬಿಟ್ಟು ಬರ್ತೀನಿ, ನಡಿ," ಎಂದರು. ಅವಳು ತಿರುಗಿ ಹೋದದ್ದು ಜಗಳೂರಿಗಲ್ಲ, ನ್ಯಾಮತಿಗೆ. ಅಲ್ಲಿಂದೀಚೆಗೆ ಅಣ್ಣ ಅವಳ ಹೆಸರೆತ್ತಿದ್ದಿಲ್ಲ. ಅಣ್ಣ ವ್ಯಾಪಾರಕ್ಕೆ ಊರು ಬಿಟ್ಟಿದ್ದ ದಿನಗಳಲ್ಲಿ ಅವಳು ಬಂದು ಅಮ್ಮನನ್ನೂ ನನ್ನನ್ನೂ ನೋಡಿಕೊಂಡು ಹೋಗುತ್ತಿದ್ದಳು.

ಫೋನು ಬಂದ ದಿನ ಮಧ್ಯಾಹ್ನ ನಮ್ಮವರು ಊಟಕ್ಕೆ ಬಂದಾಗ ಕಂಕುಳಲ್ಲಿ ಕ್ಯಾಲೆಂಡರಿನ ಸುರುಳಿಯಿತ್ತು. ಮುಖ ಅರಳಿತ್ತು. ನಮ್ಮದು ಬೀಜ-ಗೊಬ್ಬರದ ಅಂಗಡಿ. ಹೊಸ ವರ್ಷಕ್ಕೆ ಗಿರಾಕಿಗಳಿಗೆಲ್ಲ ಕ್ಯಾಲೆಂಡರ್ ಕೊಡುವುದು ಮಾವನವರ ಕಾಲದಿಂದ ಬಂದ ಪದ್ಧತಿ. ಅದು ಯಾರ ಮನೆಯ ಗೋಡೆಯಲ್ಲಿದೆಯೋ ಅವರು ನಮ್ಮವರು ಎಂದು ಲೆಕ್ಕ.

"ನಿನಗೇ ಮೊದ್ಲು ತೋರಿಸ್ಬೇಕು ಅಂತಿದ್ದೆ. ಪ್ರೆಸ್ಸಿನೋನು ಸೀದಾ ಅಂಗಡಿಗೆ ಇಳಿಸಿದ, ಜನ ಕಿತ್ಕಂಡು ಹೋದ್ರು," ಎನ್ನುತ್ತ ಬಿಚ್ಚಿದರು.

ಎತ್ತರದ ಕುರ್ಚಿಯಲ್ಲಿ ನಮ್ಮ ಮಾವನವರು ಕೂತಿದ್ದರು. ಪಡಸಾಲೆಯಲ್ಲಿ ಹಾರ ಹಾಕಿದ ಫೋಟೋದಲ್ಲಿರುವ ಅದೇ ಮುಖ, ಅದೇ ರುಮಾಲು. ಬಾಗಿಲು ಹೋಗಿತ್ತು. ಸೀರೆ ಪಂಚೆಯಾಗಿತ್ತು. ಕೆಳಗೆ ರೊಟ್ಟಿ ಬಡಿಯುತ್ತಿದ್ದವನಿಗೆ ಮೀಸೆ ತೆಗೆದು, ಯಾವುದೋ ನಗುಮುಖದ ಹೆಂಗಸಿನ ತಲೆ ಕೂರಿಸಿ, ಹಸಿರು ಸೀರೆ ಉಡಿಸಿದ್ದರು. ಮಲ್ಲಿಗೆಯ ಜಡೆ ಚೆನ್ನಾಗಿದೆ ಎಂದು ಅದನ್ನು ಹಾಗೇ ಎತ್ತಿ ಅವಳ ಬೆನ್ನಿಗೆ ಇಳಿಬಿಟ್ಟಿದ್ದರು. ಚಂದ್ರನನ್ನು ಬಿಟ್ಟಿದ್ದರು. ಅದನ್ನು ಹಂಚು ಎಂದುಕೊಂಡರೋ ಏನೋ. ನನ್ನ ಕೈಗಳೂ ಇದ್ದವು. ಹಸಿರು ಬಳೆ ತೊಡಿಸಿ, ಸುಟ್ಟ ಕಲೆ ಅಳಿಸಿದ್ದರು. ಕೆಳಗೆ ಅಂಗಡಿಯ ಹೆಸರು, ಮೆಕ್ಕೆಜೋಳದ ಬೀಜ ದೊರೆಯುತ್ತದೆ ಎಂಬ ಸಾಲು, ಆಮೇಲೆ 'ಚಿತ್ರ: ನಮ್ಮ ಮನೆಯ ಮಗಳು'. ಅದರ ಪಕ್ಕ ಅವಳ ಸಹಿಯನ್ನು ದೊಡ್ಡದು ಮಾಡಿ ಹಾಕಿದ್ದರು. ಪೆನ್ಸಿಲಿನ ನಂಬರೂ ಇತ್ತು. ಮೂಟೆಗಟ್ಟಲೆ ಬಂದ ಕ್ಯಾಲೆಂಡರುಗಳಲ್ಲಿ ಒಂದೊಂದೂ ಹನ್ನೆರಡರಲ್ಲಿ ಮೊದಲನೆಯದು.

"ಇದೇನ್ರೀ ಇದು?"

"ಯಾಕೆ, ಚೆನ್ನಾಗಿಲ್ವಾ? ಹೊನ್ನಾಳ್ಯಾಗೆ ಫ್ಲೆಕ್ಸ್ ಅಂಗಡಿಯೋನು ಕಂಪ್ಯೂಟರ್ನಾಗೆ ಒಂದು ದಿನ ಪೂರ್ತಿ ಕುಂತು ಮಾಡಿದಾನೆ. ಅಪ್ಪಾಜಿ ಹೆಂಗೆ ಕಾಣ್ತಾರೆ ನೋಡು."

"ಅವಳ್ನ ಕೇಳಿದ್ರಾ?"

"ಸ್ವಂತ ತಂಗಿನ್ನ ಏನು ಕೇಳೋದು? ಅವಳಿಗೇ ಖುಷಿಯಾಗ್ಲಿ ಅಂತ ಹೇಳ್ಲಿಲ್ಲ."

"ನನ್ನನ್ನಾದ್ರೂ ಕೇಳ್ಬೋದಿತ್ತು. ಚಿತ್ರ ನಂದು."

ಅಡುಗೆಮನೆಯ ಡಬ್ಬಿಯೊಂದು ಬಾಯಿಬಿಟ್ಟು ಮಾತಾಡಿದಂತೆ ನನ್ನನ್ನು ನೋಡಿದರು. "ನಂದು ನಿಂದು ಅಂತ ಯಾವಾಗಿಂದ ಶುರುವಾಯ್ತೆ?"

"ಹೋಗ್ಲಿ. ಮೀಸೆ ಯಾಕೆ ತೆಗೆಸಿದ್ರಿ?"

ಅದಕ್ಕೆ ಗಟ್ಟಿಯಾಗಿ ನಕ್ಕರು. "ಮೀಸೆಗೆ ಜಡೆ ಹಾಕಿದ ಗಂಡ್ಸಿನ್ನ ಅಚ್ಚು ಹಾಕ್ಸಿದ್ರೆ ಗಿರಾಕಿ ಬೀಜ ತಗಂತಾನಾ? ಗೊಬ್ಬರ ಎರಚ್ತಾನೆ ಮುಖಕ್ಕೆ." ನಗು ನಿಲ್ಲಿಸಿ ತಟ್ಟೆಯ ಮುಂದೆ ಕೂತರು. "ಇಷ್ಟು ವರ್ಷ ಈ ಮನ್ಯಾಗೆ ಅವಳ ಹೆಸರೆತ್ತಿರಲಿಲ್ಲ ನಾನು. ಈಗ ಎತ್ತೀನಿ. ನಾಕು ತಾಲ್ಲೂಕಿನ ಗೋಡೆ ಮ್ಯಾಲೆ ಎತ್ತೀನಿ. ಅದು ನಿನ್ನ ಕಣ್ಣಿಗೆ ಕಾಣಲ್ಲ."

ಸುಳ್ಳು ಹೇಳುತ್ತಿರಲಿಲ್ಲ. ಅವರ ಮಟ್ಟಿಗೆ ಅದು ತಂಗಿಯನ್ನು ಮನೆಗೆ ಕರೆದದ್ದೇ. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಬೈದು ಮುಗಿಸಬಹುದಿತ್ತು.

ಅತ್ತೆ ಒಳಗಿನಿಂದ ಬಂದು ಕ್ಯಾಲೆಂಡರನ್ನು ಎರಡೂ ಕೈಯಿಂದ ತೆಗೆದುಕೊಂಡರು. ಕಣ್ಣು ಸರಿಯಾಗಿ ಕಾಣುವುದಿಲ್ಲವಾದ್ದರಿಂದ ಮುಖದ ಹತ್ತಿರ ಹಿಡಿದರು. "ನಮ್ಮೆಜಮಾನ್ರು! ಕುರ್ಚಿ ಮ್ಯಾಲೆ ಹೆಂಗೆ ಕುಂತಾರೆ ನೋಡವ್ವಾ," ಎಂದು ವಿಭೂತಿ ಗಟ್ಟಿ ತರಿಸಿಕೊಂಡು ಕ್ಯಾಲೆಂಡರಿನಲ್ಲಿದ್ದ ಮಾವನವರ ಹಣೆಗೆ ಹಚ್ಚಿದರು. ಅಲ್ಲಿಗೆ ಅದು ಕಾಗದವಾಗಿ ಉಳಿಯಲಿಲ್ಲ. ಪಡಸಾಲೆಯಲ್ಲಿ ಮಾವನವರ ಫೋಟೋದ ಪಕ್ಕಕ್ಕೆ ಹೋಯಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾದಿನಿ ಮತ್ತೆ ಫೋನು ಮಾಡಿದಳು. ಬೆಳಗಿಗಿಂತ ಸ್ವರ ತಣ್ಣಗಿತ್ತು.

"ಅತ್ತಿಗೆ, ಅದು ಜಗಳೂರಿಗೂ ಮುಟ್ಟೈತೆ."

ನಮ್ಮ ಅಂಗಡಿಗೆ ಆ ಕಡೆಯ ಗಿರಾಕಿಗಳು ಬಹಳ. ಅವಳು ಬಿಟ್ಟು ಬಂದ ಮನೆಯ ಪಡಸಾಲೆಯಲ್ಲೇ ಅದನ್ನು ತೂಗುಹಾಕಿದ್ದಾರಂತೆ. ಪಕ್ಕದ ಮನೆಯವಳು, ಇವಳ ಹಳೆಯ ಗೆಳತಿ, ನೋಡಿ ತಿಳಿಸಿದ್ದಳು. "ಆ ಮುದುಕಿ ಬಂದೋರಿಗೆಲ್ಲ ತೋರಿಸ್ತಾಳಂತೆ. ನಮ್ಮ ಸೊಸೆ ಬರ್ದಿದ್ದು, ಈಗ ಬುದ್ಧಿ ಬಂದೈತೆ, ಹೆಂಗಸ್ನ ಒಲೆ ಮುಂದೆ ಕೂರಿಸಾಳೆ, ಗಂಡಸ್ನ ಕುರ್ಚಿ ಮ್ಯಾಲೆ ಕೂರಿಸಾಳೆ ಅಂತ. ನೀರೊಲೆಗೆ ಹಾಕಿದ ಕೈಲೇ ಮೊಳೆ ಹೊಡೆದಾಳೆ ಅತ್ತಿಗೆ."

"ಶಿವ ನೋಡ್ಕಂತಾನೆ," ಎಂದೆ. ಬಾಯಿಗೆ ಬಂದದ್ದು ಅದು.

"ಶಿವನ್ನ ಬಿಡ್ರಿ. ಅಣ್ಣನ್ನ ಕೇಳ್ಬೇಕು ನೀವು."

ಆಗ ವಿಷಯ ಹೇಳಿದಳು. ಮೈಸೂರಿನಲ್ಲಿ ಹೆಂಗಸರು ಮಾಡಿದ ಇಂಥ ಅಚ್ಚಿನ ಚಿತ್ರಗಳ ಪ್ರದರ್ಶನವಿತ್ತು. ಎಲ್ಲೆಲ್ಲಿಂದಲೋ ಬಂದವುಗಳಲ್ಲಿ ಇವಳದ್ದನ್ನು ಆರಿಸಿದ್ದರು. ಆಮಂತ್ರಣದಲ್ಲಿ ಇವಳ ಹೆಸರು ಅಚ್ಚಾಗಿತ್ತು. ಇಷ್ಟು ವರ್ಷಕ್ಕೆ ಮೊದಲ ಸಲ. ಅಷ್ಟರಲ್ಲಿ ಯಾರೋ ಕ್ಯಾಲೆಂಡರಿನ ಫೋಟೋ ತೆಗೆದು ಅವರಿಗೆ ಕಳಿಸಿದ್ದರು. ಹನ್ನೆರಡೇ ಎಂದು ಬರೆದುಕೊಟ್ಟವಳು ಬೀಜದ ಅಂಗಡಿಗೆ ಚಿತ್ರ ಮಾರಿಕೊಂಡಿದ್ದಾಳೆ, ಅದೂ ಹೀಗೆ ಬದಲಾಯಿಸಿ, ಎಂದು ಅವರಿಗೆ ಅನುಮಾನ. ಅನುಮಾನ ಬಂದದ್ದು ಅವರ ತಪ್ಪಲ್ಲ, ಕೆಳಗೆ ಇವಳ ಸಹಿಯೇ ಇತ್ತಲ್ಲ.

"ಸೋಮವಾರ ಗೋಡೆಗೆ ಹಾಕ್ತಾರೆ. ಅದರೊಳಗೆ ಅಣ್ಣ ಒಂದು ಮಾತು ಹೇಳಿದ್ರೆ ಸಾಕು. ನಾನೇ ಮಾಡ್ಸಿದ್ದು, ತಂಗಿನ್ನ ಕೇಳಿಲ್ಲ ಅಂತ. ಇಷ್ಟೇ. ನಾನು ಕ್ಷಮಾಪಣೆ ಕೇಳ್ತಿಲ್ಲ, ಕ್ಯಾಲೆಂಡರ್ ವಾಪಸ್ ತರಿಸ್ರಿ ಅಂತಿಲ್ಲ. ಒಂದು ಮಾತು."

ಮರುದಿನ ನಮ್ಮವರ ಪೂಜೆ ಮುಗಿಯುವವರೆಗೆ ಕಾದೆ. ಹಣೆಯಲ್ಲಿ ವಿಭೂತಿ ಇರುವಾಗ ಮನಸ್ಸು ಮೆತ್ತಗಿರುತ್ತದೆ ಎಂದು ನನ್ನ ನಂಬಿಕೆ. ತಟ್ಟೆಗೆ ಉಪ್ಪಿಟ್ಟು ಬಡಿಸಿ, ಮೆಲ್ಲಗೆ ಎಲ್ಲ ಹೇಳಿದೆ. ಅವರು ತುತ್ತು ಎತ್ತಲಿಲ್ಲ.

"ಅಂದ್ರೆ ನಾನು ಕಳ್ಳ ಅಂತ ಮೈಸೂರೋರ ಮುಂದೆ ಒಪ್ಕಬೇಕು."

"ಕಳ್ಳ ಅನ್ನಬ್ಯಾಡ್ರಿ. ಕೇಳಿಲ್ಲ ಅಂದ್ರೆ ಸಾಕು."

"ಎರಡೂ ಒಂದೇ."

"ಒಂದೇ ಅಂತ ನೀವೇ ಅಂದ್ರಿ ಮತ್ತೆ. ನಾನಂದಿಲ್ಲ."

ತಟ್ಟೆ ಸರಿಸಿ ಎದ್ದರು. ಅತ್ತೆ ಬಾಗಿಲಲ್ಲಿದ್ದರು. "ಬೆಳಬೆಳಗ್ಗೆ ಗಂಡನ್ನ ಉಪವಾಸ ಎಬ್ಬಿಸ್ತೀಯಲ್ಲೇ, ನಿನ್ನ ಪೂಜೆ ಸುಡ್ಲಿ."

"ಮಗಳ ಕೆಲಸಾನೂ ಸುಡ್ಲಿ ಅಂತೀರಾ ಅತ್ತೆ?"

"ಅವಳ ಕೆಲಸಕ್ಕೇನಾಗೈತೆ? ಇಷ್ಟು ಚಂದ ಅಚ್ಚು ಹಾಕ್ಸಿದಾನೆ. ಈಗ ಅದನ್ನ ತಪ್ಪು ಅಂದ್ರೆ ಅಪ್ಪನ್ನ ಕುರ್ಚಿಯಿಂದ ಇಳಿಸಿದಂಗಲ್ವಾ?"

ಆ ಕುರ್ಚಿಯಲ್ಲಿ ಮೊದಲು ಯಾರು ಕೂತಿದ್ದರು ಎಂದು ಅತ್ತೆ ಒಂದು ಸಲವೂ ನೋಡಿದವರಲ್ಲ. ಅಡುಗೆಮನೆಗೆ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದರು.

ನಾನೇ ಮೈಸೂರಿನ ನಂಬರು ಇಸಕೊಂಡು ಫೋನು ಮಾಡಿದೆ. ಪ್ರದರ್ಶನದ ಉಸ್ತುವಾರಿಯ ಹೆಂಗಸೇ ಎತ್ತಿದರು. ಮೊದಲ ಪ್ರತಿ ನನ್ನದು, ನನಗೆ ಕೊಟ್ಟದ್ದು, ನನ್ನ ಗೋಡೆಯಿಂದ ತೆಗೆದದ್ದು, ಅವಳನ್ನೂ ಕೇಳಿಲ್ಲ, ನನ್ನನ್ನೂ ಕೇಳಿಲ್ಲ ಎಂದು ತೋಚಿದ ಹಾಗೆ ಹೇಳಿದೆ. ಅವರು ಒಳ್ಳೆಯವರೇ. ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

"ನಿಮ್ಮ ಮಾತು ನಂಬ್ತೀನಮ್ಮಾ. ಆದರೆ ಕ್ಯಾಲೆಂಡರ್ ಮೇಲಿರೋದು ಅಂಗಡಿಯವರ ಹೆಸರು. ನಾಳೆ ಚಿತ್ರ ತಗೊಂಡವರು ಕೇಳಿದರೆ ನಾನು ಯಾರ ಮಾತು ಅಂತ ಹೇಳಲಿ? ನಿಮ್ಮೆಜಮಾನರು ಒಂದು ಮಾತು ಹೇಳಲಿ, ಸಾಕು."

ಗಂಡು ಹೆಣ್ಣಿನ ಜಾಗ ಅದಲುಬದಲು ಮಾಡಿದ ಚಿತ್ರಕ್ಕೂ ಕೊನೆಗೆ ಯಜಮಾನರ ಮಾತೇ ಬೇಕಾಯಿತು. ನಗು ಬಂತು ನನಗೆ. ನಗಲಿಲ್ಲ, ಅವರು ತಪ್ಪು ತಿಳಿದಾರು ಎಂದು.

ಶನಿವಾರ ಕಳೆಯಿತು. ಭಾನುವಾರ ಬೆಳಿಗ್ಗೆ ಲಿಂಗ ಅಂಗೈಯಲ್ಲಿಟ್ಟುಕೊಂಡು ಕೂತಾಗ, ಒಂದು ಮಾತು ಹೇಳಿಸಪ್ಪಾ, ಒಂದೇ ಮಾತು, ಎಂದು ಕೇಳಿಕೊಂಡೆ. ನಾನು ದೇವರಲ್ಲಿ ದೊಡ್ಡದನ್ನು ಕೇಳಿದವಳಲ್ಲ. ಸಂಜೆ ನಮ್ಮವರು ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಲೇ, "ಆಯ್ತು ತಗ, ಮಾತಾಡ್ದೆ," ಎಂದರು.

"ಮೈಸೂರಿಗಾ?"

"ಹ್ಞೂಂ. ನೀನು ಮೂರು ದಿನದಿಂದ ಮುಖ ಸೊಟ್ಟ ಮಾಡ್ಕಂಡು ಓಡಾಡಿದ್ರೆ ಮನೇಲಿರಾಕಾಗ್ತೈತಾ?"

"ದೇವರು ನಿಮಗೆ ಒಳ್ಳೇದು ಮಾಡ್ಲಿ. ಏನಂದ್ರಿ?"

"ಏನನ್ನೋದು? ತಂಗಿ ಒಪ್ಪಿನೇ ಕೊಟ್ಟಾಳೆ, ಇಬ್ಬರೂ ಸೇರಿ ಮಾಡ್ಸಿದ್ದು, ನಮ್ಮೊಳಗೆ ಏನೂ ಭೇದ ಇಲ್ಲ ಅಂದೆ."

ಕಾಲಿಗೆ ನೀರು ಕೊಡಲು ಎತ್ತಿದ ಚೆಂಬನ್ನು ಕೆಳಗಿಟ್ಟು ಅವರನ್ನು ನೋಡಿದೆ.

"ಹಂಗ್ಯಾಕೆ ನೋಡ್ತೀಯಾ? ಅವಳು ಅಣ್ಣನ ಮ್ಯಾಲೆ ದೂರು ಹೇಳ್ತಾಳೆ ಅಂತ ಹೊರಗಿನೋರಿಗೆ ಗೊತ್ತಾದ್ರೆ ಅವಳಿಗೇ ಅಲ್ವಾ ಕೆಟ್ಟ ಹೆಸರು? ತವರಿನೋರೂ ಬಿಟ್ಟಾರೆ ಅಂತಾರೆ. ಅವಳ ಮಾನ ಉಳಿಸೀನಿ ನಾನು."

"ಉಳಿಸಿದ್ರಿ," ಎಂದೆ. ನಮ್ಮ ಕಡೆ ಮನೆಯ ಜಗಳ ಬೀದಿಗೆ ಬೀಳಬಾರದು ಎಂದು ಎಂಥ ಸುಳ್ಳನ್ನಾದರೂ ಹೇಳುತ್ತಾರೆ, ಹೇಳಿ ಪುಣ್ಯದ ಕೆಲಸ ಮಾಡಿದೆವು ಎಂದು ನೆಮ್ಮದಿಯಾಗಿ ಉಣ್ಣುತ್ತಾರೆ. ಅವತ್ತು ಅವರು ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು.

ನಾನು ತಕ್ಷಣ ಮೈಸೂರಿಗೆ ಫೋನು ಮಾಡಿದೆ. ಆ ಹೆಂಗಸು, "ಅಮ್ಮಾ, ಅಣ್ಣನೇ ಹಾಗೆ ಹೇಳಿದ ಮೇಲೆ ನಾನೇನು ಮಾಡಲಿ," ಎಂದರು. ಸೋಮವಾರ ಚಿತ್ರ ಗೋಡೆಗೆ ಹೋಗಲಿಲ್ಲ. ಆಮಂತ್ರಣದಲ್ಲಿ ಅವಳ ಹೆಸರಿದ್ದಲ್ಲಿಗೆ ಕಾಗದ ಅಂಟಿಸಿ ಹಂಚಿದರಂತೆ.

ಮಂಗಳವಾರ ನಮ್ಮವರು ಅಂಗಡಿಗೆ ಹೋದ ಮೇಲೆ ಮಿಕ್ಸಿಯ ಮೇಲಿನ ಚಿತ್ರ ಇಳಿಸಿ, ಹಳೆಯ ದುಪ್ಪಟಿಯಲ್ಲಿ ಸುತ್ತಿದೆ. "ಎಲ್ಲಿಗೆ?" ಎಂದರು ಅತ್ತೆ. "ನಿಮ್ಮ ಮಗಳ ಮನೆಗೆ," ಎಂದೆ. ಅವರು ತಡೆಯಲಿಲ್ಲ. ಒಳಗೆ ಹೋಗಿ ಒಂದು ಡಬ್ಬಿಯಲ್ಲಿ ಚಟ್ನಿಪುಡಿ ಹಾಕಿ ತಂದು ಕೈಗಿಟ್ಟರು. ಹೊನ್ನಾಳಿಯವರೆಗೆ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಗಾಜಿಗೆ ಪೆಟ್ಟಾಗದಂತೆ ತೊಡೆಯ ಮೇಲೆ ನಿಲ್ಲಿಸಿಕೊಂಡೆ. ಹೊನ್ನಾಳಿಯಿಂದ ನ್ಯಾಮತಿಗೆ ನಿಂತೇ ಹೋದೆ. ಡ್ರೈವರಿನ ಹಿಂದೆ ಕನ್ನಡಿಯ ಪಕ್ಕ ನಮ್ಮ ಕ್ಯಾಲೆಂಡರ್ ಇತ್ತು. ಬಸ್ಸು ಕುಲುಕಿದಾಗಲೆಲ್ಲ ಮಾವನವರು ತಲೆ ಅಲ್ಲಾಡಿಸುತ್ತಿದ್ದರು.

ನಾದಿನಿ ಬಾಡಿಗೆಗಿರುವುದು ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲು ತೆರೆದವಳೇ ಗಂಟು ನೋಡಿ ಅದೇನೆಂದು ತಿಳಿದಳು. ಕೇಳಲಿಲ್ಲ. "ಕೈಕಾಲು ತೊಳೀರಿ, ಊಟ ಮಾಡೋಣ," ಎಂದಳು. ಅನ್ನ, ಬದನೆಕಾಯಿ ಪಲ್ಯ, ಅತ್ತೆ ಕಳಿಸಿದ ಚಟ್ನಿಪುಡಿ. ಇಬ್ಬರೂ ಉಂಡೆವು.

ಕೈ ತೊಳೆದ ಮೇಲೆ ದುಪ್ಪಟಿ ಬಿಚ್ಚಿ ಚಿತ್ರವನ್ನು ಗೋಡೆಗೆ ಒರಗಿಸಿದಳು. ಎದುರಿಗೆ ನೆಲದ ಮೇಲೆ ಕೂತಳು. ಮೀಸೆಯವನು ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದ.

"ಅತ್ತಿಗೆ, ಜಗಳೂರಿನಿಂದ ಟ್ರಂಕು ಹಿಡ್ಕಂಡು ಬಂದಿದ್ನಲ್ಲ. ಆವತ್ತು ಅಣ್ಣ ನನಗೋಸ್ಕರ ಒಂದು ಸುಳ್ಳು ಹೇಳ್ಬೋದಿತ್ತು. ನಮ್ಮ ಹುಡುಗಿಗೆ ಹುಷಾರಿಲ್ಲ, ನಾಕು ದಿನ ಇರ್ಲಿ ಅಂತ. ಅದನ್ನ ಹೇಳ್ಲಿಲ್ಲ. ಈಗ ಹೇಳಿದ."

"ನಾನು ಎಷ್ಟು ಹೇಳಿದೆ ಗೊತ್ತೇನೇ..."

"ಗೊತ್ತು. ಮೈಸೂರಿನ ಮೇಡಂ ಹೇಳಿದ್ರು. ಇಡೀ ಮನ್ಯಾಗೆ ನೀವೊಬ್ಬರೇ ನಿಜ ಹೇಳಿದ್ದು ಅಂತ ಅವರಿಗೂ ಗೊತ್ತು. ಗೊತ್ತಿದ್ದು ಏನು ಮಾಡೋದು?"

ಅವಳು ಅಳುತ್ತಾಳೆ ಎಂದು ಕಾದೆ. ಅಳಲಿಲ್ಲ. ಅತ್ತಿದ್ದರೆ ನಾನು ತಲೆ ನೇವರಿಸಬಹುದಿತ್ತು. ಅವಳು ಚಿತ್ರದ ಗಾಜಿನ ಮೇಲಿನ ಎಣ್ಣೆ ಜಿಡ್ಡನ್ನು ಸೆರಗಿನಿಂದ ಒರೆಸುತ್ತ ಕೂತಳು.

"ಉಳಿದ ಹನ್ನೊಂದು ಯಾರ್ಯಾರ ಹತ್ರ ಅದಾವೋ ಅವರಿಗೆಲ್ಲ ನಾನೀಗ ಸುಳ್ಳಿ. ಇದೊಂದು ಇಲ್ಲಿರ್ಲಿ. ಆ ಮನ್ಯಾಗೆ ಬ್ಯಾಡ."

ಅದು ನನಗೆ ಕೊಟ್ಟದ್ದು ಎಂದು ನಾನು ಅನ್ನಲಿಲ್ಲ. ಬಿಟ್ಟು ಬರಬೇಕಾಗುತ್ತದೆ ಎಂದು ಗೊತ್ತಿದ್ದೇ ಒಯ್ದಿದ್ದೆ. ಗೊತ್ತಿದ್ದರೂ ಕೈ ಖಾಲಿಯಾದಾಗ ಒಂಥರಾ ಆಯಿತು.

"ಶಿವರಾತ್ರಿಗೆ ಬರ್ತೀನಿ ಅಂದಿದ್ಯಲ್ಲೇ. ನಿಮ್ಮಮ್ಮ ಕಾಯ್ತಿರ್ತಾರೆ."

"ನೀವು ಬರ್ರಿ ಇಲ್ಲಿಗೆ. ಅಮ್ಮನ್ನೂ ಕರ್ಕಂಡು ಬರ್ರಿ, ಅವಳಿಗೆ ಮನಸಿದ್ರೆ. ನಾನು ಆ ಹೊಸಲು ದಾಟಲ್ಲ." ಬಸ್ಸಿನವರೆಗೆ ಬಂದಳು. ಚಾ ಅಂಗಡಿಯ ಮುಂದೆ ಹಾಯುವಾಗ ಇಬ್ಬರೂ ಆ ಕಡೆ ನೋಡಲಿಲ್ಲ. ಬಸ್ಸು ಹೊರಟಾಗ ಕೈ ಎತ್ತಿದಳು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಹಿಡಿದುಕೊಂಡು ಬಂದೆ. ಬೇರೆ ಏನೂ ಇರಲಿಲ್ಲ.

ಮನೆ ಮುಟ್ಟುವಾಗ ನಮ್ಮವರು ಜಗಲಿಯ ಮೇಲೆ ಕೂತಿದ್ದರು.

"ಕೊಟ್ಟು ಬಂದ್ಯಾ?"

"ಕೊಟ್ಟು ಬಂದೆ."

"ಏನಂದ್ಲು?"

"ಬರಲ್ಲ ಅಂದ್ಲು."

ಅವರು ಸಮಾಧಾನ ಮಾಡುವ ಸ್ವರದಲ್ಲಿ, "ಮುಂದಿನ ವರ್ಷ ಅವಳದ್ದೇ ಇನ್ನೊಂದು ಚಿತ್ರ ಹಾಕ್ಸೋಣ. ಈ ಸಲ ಅವಳ್ನ ಕೇಳಿನೇ ಹಾಕ್ಸೋಣ," ಎಂದರು.

ಒಳಗಿನಿಂದ ಅತ್ತೆ, "ಉಂಡ್ಳಾ ಅವಳು? ಪುಡಿ ತಿಂದ್ಲಾ?" ಎಂದು ಕೂಗಿದರು. "ತಿಂದ್ಲು," ಎಂದು ಕೂಗಿದೆ.

ಅಷ್ಟರಲ್ಲಿ ಹಿತ್ತಲಲ್ಲಿ ನಲ್ಲಿ ಬುಸುಗುಟ್ಟಿತು. ನಮ್ಮ ಬೀದಿಗೆ ನೀರು ಬಿಟ್ಟರೆ ಸ್ವಲ್ಪ ಹೊತ್ತಷ್ಟೇ, ಕಾಯುತ್ತ ಕೂತವರಿಗೆ ಸಿಕ್ಕುವುದಿಲ್ಲ. ಸೆರಗು ಸಿಕ್ಕಿಸಿ ಹೋಗಿ ಪೈಪನ್ನು ಡ್ರಮ್ಮಿಗೆ ಹಾಕಿದೆ. ಮೊದಲು ಬಂದ ಕೆಂಪು ನೀರನ್ನು ಚೆಲ್ಲಿ, ತಿಳಿಯಾದ ಮೇಲೆ ಕೊಡಗಳನ್ನು ಒಂದೊಂದಾಗಿ ಹಿಡಿಯತೊಡಗಿದೆ.